ಬಾರದ ಮಳೆಗೆ ಒಣಗಿಸಿದ ಮೀನು

ಬಸ್ಸಿನ ಬಾಗಿಲು ತೆರೆದದ್ದೇ ತಡ, ಒಣಮೀನಿನ ವಾಸನೆ ಮೂಗಿಗೆ ಬಂತು. ನಾರ್ವೆಯ ಉತ್ತರದ ಒಂದು ಸಣ್ಣ ಕಡಲೂರು. ಹಿಮ ಇನ್ನೂ ಕರಗದ ಕಲ್ಲುಬೆಟ್ಟಗಳ ಬುಡದಲ್ಲಿ ಕೆಂಪು ಬಳಿದ ಮರದ ಮನೆಗಳು, ನೀರಿನ ಅಂಚಿಗೆ ಮರದ ಗಳುಗಳ ಚಪ್ಪರ, ಅದರ ತುಂಬ ಬಾಲಕ್ಕೆ ಬಾಲ ಕಟ್ಟಿ ತೂಗುಹಾಕಿದ ತಲೆಯಿಲ್ಲದ ಮೀನುಗಳು. ಹೊಸ ಊರಿಗೆ ಹೋದರೆ ನಾನು ಮೊದಲು ಮೀನಿನ ರೇಟು ಕೇಳುವವ. ನೀವೂ ಕೇಳಿ ನೋಡಿ, ಊರಿನ ಗುಣ ಅಲ್ಲೇ ಗೊತ್ತಾಗ್ತದೆ. ಅವತ್ತು ಮಾತ್ರ ಬಾಯಿ ಬರಲಿಲ್ಲ. ಅಷ್ಟು ಚಳಿಯಲ್ಲಿ, ಕೈಯಲ್ಲಿ ಚೀಲ ಹಿಡಿದು ನಿಂತವನ ಕಾಲಡಿಯಲ್ಲಿ, ಮಸ್ಕತ್‌ನಲ್ಲಿ ನಾನು ಬೆಳೆದ ವಾದಿ ಅದಾಯ್‌ನ ನಮ್ಮ ಬಾಡಿಗೆ ಮನೆಯ ತಾರಸಿ ಸುಡತೊಡಗಿತ್ತು.

ನಾನು ಹೋದದ್ದು ಊರು ನೋಡಲಿಕ್ಕಲ್ಲ, ಶಶಿಯಕ್ಕನನ್ನು ಮಸ್ಕತ್‌ಗೆ ಕರೆದುಕೊಂಡು ಬರಲಿಕ್ಕೆ. ಹಡಗಿನ ಇಂಜಿನಿಯರಾಗಿ ಮಸ್ಕತ್‌ಗೆ ಬಂದು ಅವಳನ್ನು ಮದುವೆಯಾದ ನಾರ್ವೆಯ ಭಾವ ಆ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಮಕ್ಕಳಿಲ್ಲ. ಅಮ್ಮ, ಅಪ್ಪ ಹೋದ ಮೇಲೆ, ಹೆಂಡತಿ ಮಕ್ಕಳನ್ನು ಬಿಟ್ಟರೆ ನನಗೆ ನನ್ನವಳು ಅಂತ ಉಳಿದವಳು ಅವಳೊಬ್ಬಳೇ. ಅಲ್ ಅಜೈಬಾದ ನನ್ನ ಫ್ಲಾಟಿನಲ್ಲಿ ಅವಳಿಗೆ ಒಂದು ಕೋಣೆ ಖಾಲಿ ಮಾಡಿಸಿ, ಪರದೆ ಹಾಕಿಸಿ, ನನಗೆ ಜಾಮೀನು ನಿಂತ ಅರಬ್ಬಿ ಕಫೀಲ್‌ನ ಹತ್ತಿರ ವೀಸಾದ ಮಾತೂ ಮುಗಿಸಿಯೇ ನಾನು ವಿಮಾನ ಹತ್ತಿದ್ದು. ಸರಕು ತರುವ ಮೊದಲು ಜಾಗ ಮಾಡಿಟ್ಟಿರಬೇಕು, ಇದು ಅಂಗಡಿ ನಡೆಸುವ ನನ್ನ ಅನುಭವದ ಮಾತು.

ವಾದಿ ಅದಾಯ್‌ನ ಆ ಮನೆಯಲ್ಲಿ ಕೆಳಗೆ ಧಾರವಾಡದವರು, ಮೇಲೆ ನಾವು. ಅಪ್ಪ ಹತ್ತಿರದ ವರ್ಕ್‌ಶಾಪಿನಲ್ಲಿ ವೆಲ್ಡರ್. ಮೇ ತಿಂಗಳು ಬಂತೆಂದರೆ ಅಮ್ಮನಿಗೆ ನಿಂತಲ್ಲಿ ನಿಲ್ಲಲಿಕ್ಕೆ ಆಗುತ್ತಿರಲಿಲ್ಲ. ನಮ್ಮ ಉಡುಪಿ ಕಡೆಯಲ್ಲಿ ಮಳೆಗಾಲಕ್ಕೆ ದೋಣಿ ಕಡಲಿಗೆ ಇಳಿಯುವುದಿಲ್ಲವಲ್ಲ, ಅದಕ್ಕೆ ಮಳೆಗೆ ಮೊದಲೇ ಮೀನು ಒಣಗಿಸಿ ಇಡುವುದು ಪದ್ಧತಿ. ಮಸ್ಕತ್‌ನಲ್ಲಿ ಯಾವ ಮಳೆಗಾಲ? ಮತ್ರಾದ ಮಾರ್ಕೆಟಿನಲ್ಲಿ ವರ್ಷವಿಡೀ ಇನ್ನೂ ಜೀವ ಇರುವ ಹಾಗಿನ ತಾಜಾ ಮೀನು. ಆದರೂ ಅಮ್ಮ ಬುಟ್ಟಿ ಬುಟ್ಟಿ ಬೂತಾಯಿ, ಬಂಗುಡೆ ತರಿಸಿ, ಸೀಳಿ, ಕಲ್ಲುಪ್ಪು ತಿಕ್ಕಿ, ತಾರಸಿಯ ಮೇಲೆ ಹಳೆ ಚಾಪೆ ಹಾಸಿ ಹರವುತ್ತಿದ್ದಳು. ಆ ಬಿಸಿಲಿಗೆ ಮೀನು ಒಣ ಎಲೆಯ ಹಾಗೆ ಸದ್ದು ಮಾಡುತ್ತಿತ್ತು. ಉಪ್ಪಿನ ಘಾಟು, ಕಾದ ಸಿಮೆಂಟಿನ ವಾಸನೆ, ಕೆಳಗಿನಿಂದ ವರ್ಕ್‌ಶಾಪುಗಳ ಗ್ರೀಸಿನ ವಾಸನೆ ಎಲ್ಲ ಸೇರಿ ನನ್ನ ಬಾಲ್ಯ. ಒಣಗಿದ ಬೂತಾಯಿಯನ್ನು ಆಡು, ಒಂಟೆಗಳಿಗೆ ಹಾಕುವ ಊರು ಅದು. ಮನೆಯ ಯಜಮಾನ ಒಮ್ಮೆ ತಾರಸಿ ಹತ್ತಿ ಬಂದವನು ಸುತ್ತ ನೋಡಿ, ನಿಮ್ಮ ಆಡು ಎಲ್ಲಿ ಕಟ್ಟಿದ್ದೀರಿ ಎಂದು ಅಪ್ಪನನ್ನು ಕೇಳಿದ್ದ.

ಕೆಳಗಿನ ಧಾರವಾಡದ ವೈನಿಯವರು ಮೂಗಿಗೆ ಸೆರಗು ಹಿಡಿದು ಮೆಟ್ಟಿಲ ಬುಡದಿಂದ ಕೂಗುತ್ತಿದ್ದರು: "ಏನ್ರೀ, ಈ ವರ್ಷನೂ ಮಳಿ ಬರ್ತದೇನು?"

"ಬರ್ತದೆ ವೈನಿ, ಬಂದಾಗ ನಿಮ್ಮ ಹಪ್ಪಳ ಒಳಗೆ ತೆಗೀಲಿಕ್ಕೆ ನಾನೇ ಬೇಕು!" ಅಮ್ಮ ಬಿಡುತ್ತಿರಲಿಲ್ಲ. ಅವರ ಹಪ್ಪಳ ನಮ್ಮ ಮೀನಿನಿಂದ ಮಾರು ದೂರದಲ್ಲಿ, ಮಡಿಯಲ್ಲಿ, ಅದೇ ಬಿಸಿಲಿಗೆ ಒಣಗುತ್ತಿತ್ತು. ಕಾಗೆ ಓಡಿಸುವ ಕೋಲು ಎರಡಕ್ಕೂ ಒಂದೇ. ಅದನ್ನು ಹಿಡಿದು ಕೂರುವವಳು ಅಕ್ಕ. "ಕೂದಲೆಲ್ಲ ನಾರ್ತದೆ, ಸ್ಕೂಲಲ್ಲಿ ಯಾರೂ ಹತ್ತಿರ ಕೂರುದಿಲ್ಲ. ಮೀನಿಲ್ಲದ ಊರಿಗೆ ಮದುವೆಯಾಗಿ ಹೋಗ್ತೇನೆ ನೋಡು" ಎಂದು ಅವಳು ಗೊಣಗುತ್ತಿದ್ದಳು. ಹೋಗಿ ಸೇರಿದ್ದು ಆ ಚಪ್ಪರಗಳ ಊರಿಗೆ. ವಾದಿ ಅದಾಯ್‌ನ ಆ ಮನೆಯೂ ಈಗ ಇಲ್ಲ. ಜಾಗ ಸಮ ಮಾಡಿ ಕಾರು ನಿಲ್ಲಿಸುತ್ತಾರೆ. ಬಾಡಿಗೆ ಮನೆಗೆ ಅಳಲಿಕ್ಕೆ ನಮಗೆ ಯಾವ ಹಕ್ಕುಂಟು ಹೇಳಿ. ಗಲ್ಫ್‌ನಲ್ಲಿ ಬೆಳೆದ ನಿಮಗೂ ಇಂಥದ್ದೊಂದು ಮನೆ ಇದ್ದೀತು.

ಮರುದಿನ ಅಕ್ಕ ನನ್ನನ್ನು ಊರ ಹಿಂದಿನ ಗುಡ್ಡಕ್ಕೆ ಕರೆದುಕೊಂಡು ಹೋದಳು. ಕಾಲಿಟ್ಟರೆ ಹಾಸಿಗೆಯ ಹಾಗೆ ಕುಸಿಯುವ ಪಾಚಿ, ಸೊಂಟದೆತ್ತರದ ಬಿಳಿ ತೊಗಟೆಯ ಗಿಡಗಳು, ಎಲ್ಲೆಲ್ಲೂ ನೀರು ಹರಿಯುವ ಸದ್ದು. ನನಗೆ ಒಂದೂ ಸರಿಯಾಗಿ ಕಾಣಲಿಲ್ಲ, ತಲೆಯಲ್ಲಿ ವ್ಯಾಪಾರ ಓಡುತ್ತಿತ್ತು. ಕೋಣೆಯ ಮಾತು ಹೇಳಿದೆ. ಪ್ರತ್ಯೇಕ ಬಾತ್‌ರೂಮ್ ಅಂದೆ. ಬೇಸಿಗೆಯಲ್ಲಿ ಊರಿಗೆ ಹೋಗಿಬರುವ ಅಂದೆ. ಅಕ್ಕ ಸುಮ್ಮನೆ ಹತ್ತುತ್ತಿದ್ದಳು. ಚೌಕಾಸಿಯಲ್ಲಿ ಎದುರಿನವರು ಸುಮ್ಮನಾದರೆ ನಾವೂ ಸುಮ್ಮನಿರಬೇಕು, ಮೊದಲು ಬಾಯಿಬಿಟ್ಟವ ಸೋತ. ಅಂಗಡಿಯ ಹುಡುಗರಿಗೆ ನಾನೇ ಕಲಿಸಿದ ಪಾಠ. ಆದರೂ ತಡೆಯಲಾಗಲಿಲ್ಲ.

"ಎಂತ ಉಂಟು ಅಕ್ಕ ಇಲ್ಲಿ? ತುಳು ಮಾತಾಡ್ಲಿಕ್ಕೆ ಒಂದು ಜನ ಇಲ್ಲ!"

ಅವಳು ಬಂಡೆಯ ಮೇಲೆ ಕೂತು ಉಸಿರು ಬಿಟ್ಟಳು. "ಅಲ್ಲಿ ನಿನ್ನ ಮಕ್ಕಳು ತುಳು ಮಾತಾಡ್ತಾರಾ ಮಾರಾಯ? ನೀನು ಕರೀತಾ ಇರುದು ಅಜೈಬಾಕ್ಕಲ್ಲ, ಆ ತಾರಸಿಗೆ. ಅದು ಇದ್ದಿದ್ರೆ ಈಗಲೇ ಹೊರಡ್ತಿದ್ದೆ. ಅಲ್ಲಿ ನಾನು ನಿನ್ನ ಹೆಂಡತಿಯ ಅಡುಗೆಮನೆಯಲ್ಲಿ ಕೇಳಿ ಕೇಳಿ ಚಾ ಮಾಡಬೇಕು. ಇಲ್ಲಿ ಇವರ ಕೋಟು ಇನ್ನೂ ಬಾಗಿಲ ಹಿಂದೆ ಉಂಟು. ನಾನು ಬರುದಿಲ್ಲ, ಪುಟ್ಟಾ."

ಖಲಾಸ್. ನಾನೂ ಅವಳ ಪಕ್ಕದಲ್ಲಿ ಕೂತೆ. ಕೂರಲಿಕ್ಕಾಗದೆ ಎದ್ದೆ, ನಾಲ್ಕು ಹೆಜ್ಜೆ ಹಾಕಿದೆ, ಮತ್ತೆ ಬಂದು ಕೂತೆ. ಕೆಳಗೆ ಸಮುದ್ರ ಸೀಸದ ಬಣ್ಣದಲ್ಲಿ ಮಲಗಿತ್ತು. ಅಕ್ಕ ಅದನ್ನೇ ನೋಡುತ್ತ, ತಾರಸಿಯ ಆ ಹಸಿರು ಬಾಗಿಲು ಎಷ್ಟು ಕಿರುಗುಟ್ಟುತ್ತಿತ್ತಲ್ಲ, ಅಂದಳು.

"ಹಸಿರಲ್ಲ ಅಕ್ಕ, ನೀಲಿ."

"ಹಸಿರು. ನಾನು ದಿನಾ ಒರಗಿ ಕೂರ್ತಿದ್ದದ್ದು ಅದಕ್ಕೇ."

"ಅಪ್ಪ ಬಣ್ಣ ಬಳಿಯುವಾಗ ಡಬ್ಬ ಹಿಡಿದವ ನಾನು!"

ವಾದ ಜೋರಾಯಿತು, ಇಬ್ಬರೂ ನಕ್ಕೆವು. ಆದರೆ ಯಾರದ್ದು ಸರಿ? ಯಾರನ್ನು ಕೇಳುವುದು? ಅಮ್ಮ ಇಲ್ಲ, ಅಪ್ಪ ಇಲ್ಲ. ವೈನಿಯವರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಆ ಮನೆಯನ್ನು ನೋಡಿದ ಕಣ್ಣುಗಳು ಇಡೀ ಭೂಮಿಯಲ್ಲಿ ಆ ಬಂಡೆಯ ಮೇಲೆ ಕೂತಿದ್ದ ನಾಲ್ಕೇ. ಅದರಲ್ಲಿ ಅರ್ಧ ಅಲ್ಲೇ ಉಳಿಯಲಿಕ್ಕಿತ್ತು.

"ಆಗಲಿ ಅಕ್ಕ" ಅಂದೆ, "ಹಸಿರೇ."

ಜೀವಮಾನದಲ್ಲಿ ಪ್ರತಿಯಾಗಿ ಏನೂ ಕೇಳದೆ ನಾನು ಬಿಟ್ಟುಕೊಟ್ಟದ್ದು ಅದೊಂದೇ. ಅದು ನೀಲಿ ಅಂತ ನನಗೆ ಖಂಡಿತ ಗೊತ್ತಿತ್ತು. ಆದರೆ ಈಗ ಮಸ್ಕತ್‌ನ ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿ ಕಣ್ಣು ಮುಚ್ಚಿದರೆ, ಆ ಬಾಗಿಲು ನನಗೂ ಹಸಿರಾಗಿಯೇ ಕಾಣುತ್ತದೆ.