ನಗೆ ಸಿನಿಮಾ ನೋಡಿ ಅತ್ತವರು

ಆ ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಿದ್ದೆ. ಹಾಲ್‌ನಲ್ಲಿ ನನ್ನ ಗಂಡ ರಘುರಾಮ ಟಿವಿ ಮುಂದೆ ಕೂತಿದ್ದರು. ಹಿಂದಿನ ದಿನ ಬ್ಯಾಂಕಿನಿಂದ ಮುಖ ಬಾಡಿಸಿಕೊಂಡು ಬಂದಿದ್ದರು. ಮುಖ ಬಾಡಿದರೆ ಮಾರನೆಯ ದಿನ ಒಂದು ಹಳೆಯ ಕನ್ನಡ ಹಾಸ್ಯ ಸಿನಿಮಾ ಹಾಕುವುದು ಇವರ ಅಭ್ಯಾಸ. ಕಪ್ಪುಬಿಳುಪಿನ ಸಿನಿಮಾ. ಅದರಲ್ಲಿ ಮನೆಅಳಿಯ ಗಡಿಬಿಡಿಯಲ್ಲಿ ಅತ್ತೆಯ ಸೀರೆಯನ್ನು ಪಂಚೆಯೆಂದು ಉಟ್ಟು ನೆಂಟರೆದುರು ಬಂದು ನಿಲ್ಲುತ್ತಾನೆ. ಆ ಜಾಗ ಬಂತೆಂದರೆ ಇವರ ನಗು ಮೊದಲು ಕೇಳಿಸುತ್ತದೆ, ಅಳಿಯನ ಮಾತು ಆಮೇಲೆ.

ಅಂದು ಅಳಿಯನ ಮಾತು ಕೇಳಿಸಿತು. ನಗು ಕೇಳಿಸಲಿಲ್ಲ.

ನಿದ್ದೆ ಹೋಗಿರಬೇಕು ಅಂದುಕೊಂಡೆ. ದೋಸೆ ಮಗುಚಿ ಹಾಕಿದೆ. ಆದರೂ ಮನಸ್ಸು ತಡೆಯಲಿಲ್ಲ, ಹೊರಗೆ ಬಂದೆ. ಸೋಫಾದಲ್ಲಿ ಬಲಕ್ಕೆ ವಾಲಿದ್ದರು. ಕಣ್ಣು ತೆರೆದೇ ಇತ್ತು. ಬಾಯಿಯ ಒಂದು ತುದಿ ಕೆಳಗೆ ಜಾರಿತ್ತು. ನನ್ನನ್ನು ಕಂಡು ಏನೋ ಹೇಳಲು ನೋಡಿದರು. ಗಂಟಲಿನಿಂದ ಒಂದೇ ಸದ್ದು ಮತ್ತೆ ಮತ್ತೆ ಬಂತು, ಮಾತಾಗಲಿಲ್ಲ.

ಮಗಳು ಮೇಘಾ ಕೋಣೆಯಿಂದ ಓಡಿಬಂದು ಆ್ಯಂಬುಲೆನ್ಸಿಗೆ ಫೋನ್ ಮಾಡಿದಳು. ಅವಳೇ ಟಿವಿ ಆರಿಸಿದ್ದು. ನನಗೆ ಅದು ಕೂಡ ಹೊಳೆದಿರಲಿಲ್ಲ.

ಸಿಟಿ ಸ್ಕ್ಯಾನ್ ಆಯಿತು. ಮಿದುಳಿನ ಎಡಭಾಗದಲ್ಲಿ ದೊಡ್ಡ ಕ್ಲಾಟ್ ಎಂದರು. ಐಸಿಯು ಎಂದರು. ಗಾಜಿನ ಬಾಗಿಲಿನಾಚೆ ಇವರನ್ನು ಕರೆದುಕೊಂಡು ಹೋದರು. ಕೆಲವು ದಿನ ಏನೂ ಹೇಳಲಾಗದು ಎನ್ನುತ್ತಿದ್ದ ಡಾಕ್ಟರು ಕೊನೆಗೆ ಪ್ರಾಣಕ್ಕೆ ಅಪಾಯವಿಲ್ಲ ಎಂದರು. ಬಲಗೈ, ಬಲಗಾಲು ಹೋಗಿದ್ದವು. ಮಾತೂ ಹೋಗಿತ್ತು.

ನಾವು ಉಡುಪಿ ಕಡೆಯವರು. ಬ್ಯಾಂಕಿನ ವರ್ಗಾವಣೆಯ ಮೇಲೆ ಕಲ್ಕತ್ತಕ್ಕೆ ಬಂದಾಗ ಮೇಘಾ ಕೈಗೂಸು. ಡಮ್ ಡಮ್‌ನ ಈ ಫ್ಲ್ಯಾಟಿನಲ್ಲಿ ಮೊದಲ ವರ್ಷ ನನಗೆ ಮಾತಾಡಲು ಯಾರೂ ಇರಲಿಲ್ಲ. ಒಂದು ಕಡೆ ಲೋಕಲ್ ಟ್ರೇನು, ತಲೆಯ ಮೇಲೆ ವಿಮಾನ, ಕೆಳಗೆ ನನಗೆ ಅರ್ಥವಾಗದ ಬಂಗಾಳಿ. ಆಗ ಇವರು ಊರಿಗೆ ಹೋದಾಗಲೆಲ್ಲ ಸಿಡಿ ತರುತ್ತಿದ್ದರು. ಬೇಸರವಾದರೆ ಇವರಿಗೆ ನಗೆ ಸಿನಿಮಾ ಬೇಕು, ನನಗೆ ಅಳುವ ಸಿನಿಮಾ. ಚೆನ್ನಾಗಿ ಅತ್ತರೆ ನನ್ನ ಎದೆ ಹಗುರಾಗುತ್ತದೆ. ದುಡ್ಡು ಕೊಟ್ಟು ಅಳುವುದು ಯಾಕೆ ಮಾರಾಯ್ತಿ, ಇಲ್ಲೇ ಪುಕ್ಕಟೆ ಅಳಬಹುದಲ್ಲ ಎಂದು ಇವರು ತಮಾಷೆ ಮಾಡುತ್ತಿದ್ದರು. ಇಬ್ಬರ ಸಿನಿಮಾಗಳನ್ನೂ ನೋಡುತ್ತ ಬೆಳೆದ ಮೇಘಾಳ ಕನ್ನಡವೆಂದರೆ ಆ ಸಿನಿಮಾಗಳ ಕನ್ನಡ. ಈಗ ನಗರದ ಇನ್ನೊಂದು ತುದಿಯ ಕಸ್ಬಾದಲ್ಲಿ ಕೆಲಸ ಮಾಡುತ್ತಾಳೆ, ದಿನವಿಡೀ ಹಿಂದಿ ಇಂಗ್ಲಿಷ್. ಮನೆಗೆ ಬಂದು, ಏನಮ್ಮಾ ತಾಯಿ, ಭೋಜನ ಸಿದ್ಧವೋ ಎನ್ನುತ್ತಿದ್ದಳು.

ಇವರು ಮನೆಗೆ ಬಂದ ಮೇಲೆ ಹಾಲ್‌ನಲ್ಲಿದ್ದ ಸೋಫಾ ತೆಗೆದು ಆಸ್ಪತ್ರೆ ಮಂಚ ಹಾಕಿಸಿದೆವು. ನಾನು ಕಲಿಸುತ್ತಿದ್ದ ಶಾಲೆಗೆ ಮೊದಲು ರಜೆ ಹಾಕಿದೆ, ಆಮೇಲೆ ಬಿಟ್ಟೇಬಿಟ್ಟೆ. ಮಗ್ಗುಲು ಬದಲಿಸುವುದು, ಡಯಾಪರ್, ಗಂಜಿ, ಮಾತ್ರೆ, ಫಿಸಿಯೋಥೆರಪಿ. ಮೈ ಒರೆಸುವಾಗ ಇವರು ಗೋಡೆಯ ಕಡೆ ಕಣ್ಣು ತಿರುಗಿಸುತ್ತಿದ್ದರು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳ ಮುಂದೆ ನಾಚಿಕೆ. ನಾನೂ ಗೋಡೆ ನೋಡುತ್ತಲೇ ಒರೆಸುತ್ತಿದ್ದೆ.

ಒಂದು ಸಂಜೆ ಮೇಘಾ, ಪಪ್ಪನಿಗೆ ಬೋರ್ ಆಗಿರಬೇಕು ಎಂದು ಆ ಹಾಸ್ಯ ಸಿನಿಮಾವನ್ನೇ ಹಾಕಿದಳು. ಟೈಟಲ್ ಮುಗಿದಿರಲಿಲ್ಲ.

ಇವರು ಅಳತೊಡಗಿದರು.

ಕಣ್ಣು ತುಂಬಿಕೊಳ್ಳುವ ಅಳುವಲ್ಲ. ಮೈಯೆಲ್ಲ ಕುಲುಕಿ, ಉಸಿರು ಸಿಕ್ಕಿಕೊಂಡು, ಪೆಟ್ಟು ತಿಂದ ಮಗುವಿನ ಹಾಗೆ. ಈ ಮನುಷ್ಯ ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೇಘಾ ಗಾಬರಿಯಿಂದ ಟಿವಿ ಆರಿಸಿದಳು. ಆದರೂ ಸ್ವಲ್ಪ ಹೊತ್ತು ಅಳು ನಿಲ್ಲಲಿಲ್ಲ. ಕೆಲವು ದಿನ ಬಿಟ್ಟು ಬೇರೆ ಹಾಸ್ಯ ಸಿನಿಮಾ ಹಾಕಿದೆವು. ಅದಕ್ಕೂ ಹಾಗೆಯೇ. ಹಳೆಯ ದಿನಗಳು ನೆನಪಾಗಿ ಸಂಕಟವಾಗುತ್ತಿದೆ, ಪಾಪ, ಇನ್ನು ಹಾಕುವುದು ಬೇಡ ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಟಿವಿಯ ಮೇಲೆ ಒಂದು ಬೆಡ್‌ಶೀಟ್ ಹೊದಿಸಿದೆ. ಇವರು ಆ ಬೆಡ್‌ಶೀಟನ್ನೇ ನೋಡುತ್ತ ಮಲಗಿರುತ್ತಿದ್ದರು.

ಆದರೆ ನಗುತ್ತಿದ್ದರು ಕೂಡ. ಇದ್ದಕ್ಕಿದ್ದಂತೆ, ಕಾರಣ ಕಾಣದೆ. ಮೇಘಾ ಬ್ಯಾಗ್ ಹಾಕಿಕೊಂಡು ಆಫೀಸಿಗೆ ಹೊರಟಾಗ, ನನ್ನ ಕೈಯಿಂದ ಚಮಚ ಬಿದ್ದಾಗ. ಹಳೆಯ ನಗುವೇ, ಸ್ವಲ್ಪ ಸೊಟ್ಟ. ಆ ನಗುವಿಗಾಗಿ ನಾನು ಏನೆಲ್ಲ ಮಾಡಿದೆ! ತಲೆಯ ಮೇಲೆ ಟವೆಲ್ ಕಟ್ಟಿಕೊಂಡು ಕುಣಿದೆ. ಬೇಕೆಂದೇ ಚಮಚ ಬೀಳಿಸಿದೆ. ದಿನಕ್ಕೊಮ್ಮೆ ನಕ್ಕರೆ ಆ ದಿನ ದಾಟುತ್ತಿತ್ತು. ದುರ್ಗಾಪೂಜೆ ಮುಗಿದು, ವಿಜಯದಶಮಿಯ ಸಿಹಿ ಹಿಡಿದುಕೊಂಡು ಪಾಡಾದವರೆಲ್ಲ, ನಮ್ಮ ಓಣಿಯವರೆಲ್ಲ, ಬಂದರು. ಅವರನ್ನು ನೋಡಿ ಇವರು ಜೋರಾಗಿ ನಕ್ಕರು. ದಾದಾ ಎಷ್ಟು ಖುಷಿಯಾಗಿದ್ದಾರೆ, ಎಲ್ಲ ನಿಮ್ಮ ಸೇವೆ ಬೌದಿ ಎಂದು ಪಕ್ಕದ ಮನೆಯಾಕೆ ನನ್ನ ಕೈ ಹಿಡಿದುಕೊಂಡಳು. ನಾನು ನಂಬಿದೆ. ಒಳಗೆಲ್ಲೋ ಇವರು ಖುಷಿಯಾಗಿದ್ದಾರೆ ಅಂದುಕೊಂಡೆ.

ಅದಾಗಿ ಹೆಚ್ಚು ದಿನವಾಗಿರಲಿಲ್ಲ, ಉಡುಪಿಯಿಂದ ಇವರ ಅಕ್ಕ ಫೋನ್ ಮಾಡಿದರು. ಅತ್ತೆ ಇದ್ದದ್ದು ಅವರ ಮನೆಯಲ್ಲೇ. ಅತ್ತಿಗೆ ನನಗೆ ವಿಷಯ ಹೇಳಿ, ತಮ್ಮನಿಗೆ ತಾನೇ ತಿಳಿಸುತ್ತೇನೆ, ಫೋನನ್ನು ಅವನ ಕಿವಿಯ ಹತ್ತಿರ ಹಿಡಿ ಎಂದರು. ನಾನು ಸ್ಪೀಕರ್ ಹಾಕಿ ದಿಂಬಿನ ಮೇಲಿಟ್ಟೆ.

"ರಘೂ, ಅಮ್ಮ ಹೋದ್ರು ಮಾರಾಯ. ಬೆಳಿಗ್ಗೆ ಚಾ ಕುಡಿದು ಮಲಗಿದವರು ಮತ್ತೆ ಏಳಲೇ ಇಲ್ಲ."

ಇವರು ನಕ್ಕರು.

ಗಹಗಹಿಸಿ ನಕ್ಕರು. ಮುಖ ಕೆಂಪಾಗುವವರೆಗೆ, ಕೆಮ್ಮು ಬರುವವರೆಗೆ. ನಾನು ಬಾಯಿ ಮುಚ್ಚಲು ಹೋದೆ, ಕೈ ತಳ್ಳಿದರು.

"ಅವನು ನಗುವುದಾ? ಅವನಿಗೆ ಎಂತ ಆಗಿದೆ ಶೈಲಾ?" ಎಂದರು ಅತ್ತಿಗೆ, ಮೆಲ್ಲಗೆ. ಫೋನ್ ಇಟ್ಟರು.

ಮಿದುಳಿನ ಜೊತೆಗೆ ಮನುಷ್ಯತ್ವವೂ ಹೋಯಿತೇ ಎಂದು ನನಗೆ ಅನ್ನಿಸಿತು. ಅತ್ತೆಯ ಒಬ್ಬನೇ ಮಗ. ವಾರಕ್ಕೊಮ್ಮೆ ಫೋನ್ ಮಾಡಿ ಊಟಕ್ಕೆ ಏನು ಮಾಡಿದ್ದೆಂದು ಕೇಳದಿದ್ದರೆ ನಿದ್ದೆ ಬಾರದ ಮಗ. ಆ ದಿನ ಇವರಿಗೆ ಗಂಜಿ ತಿನ್ನಿಸುವಾಗ ನನ್ನ ಕೈಯಲ್ಲಿ ಪ್ರೀತಿ ಇರಲಿಲ್ಲ.

ಪಕ್ಕದ ಮನೆಯಾಕೆಯನ್ನು ಇವರ ಬಳಿ ಕೂರಿಸಿ ನಾನೂ ಮೇಘಾಳೂ ನ್ಯೂರಾಲಜಿಸ್ಟರನ್ನು ಕಾಣಲು ಹೋದೆವು. ನಮ್ಮ ಮೇಘಾಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದಾದ ಹೆಂಗಸು. ಎಲ್ಲವನ್ನೂ ಕೇಳಿಸಿಕೊಂಡು, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದಳು. ಅಳುವುದೂ ನಗುವುದೂ ಕಾಯಿಲೆಯ ಲಕ್ಷಣ ಎಂದು ನಮಗೆ ಹೊಳೆಯುವುದು ಹೇಗೆ? ಸ್ಯೂಡೋಬಲ್ಬಾರ್ ಅಫೆಕ್ಟ್ ಎಂದು ಹೆಸರು ಹೇಳಿದಳು. ಮನಸ್ಸಿನಲ್ಲಿ ಆಗುವುದಕ್ಕೂ ಮುಖದಲ್ಲಿ ಕಾಣುವುದಕ್ಕೂ ನಡುವಿನ ಹಿಡಿತ ಸ್ಟ್ರೋಕಿನಲ್ಲಿ ತಪ್ಪಿಹೋಗಿದೆ, ಒಳಗೆ ಏನೇ ಆದರೂ ಹೊರಗೆ ಅಳುವೋ ನಗುವೋ ಕಟ್ಟೆಯೊಡೆದು ಬರುತ್ತದೆ, ಅದನ್ನು ತಡೆಯುವುದು ಅವರ ಕೈಯಲ್ಲಿಲ್ಲ. ಹಾಗೆಂದು ವಿವರಿಸಿ ಕೊನೆಗೆ ಹಿಂದಿಯಲ್ಲಿ ಒಂದು ಮಾತು ಹೇಳಿದಳು.

"ಇನ್ನು ಮೇಲೆ ಅವರ ಮುಖವನ್ನು ನಂಬಬೇಡಿ."

ಮೇಘಾಳಿಗೆ ಅದರಿಂದ ಸಮಾಧಾನವಾಯಿತು. ಪಪ್ಪ ಅಜ್ಜಿ ಸತ್ತದ್ದಕ್ಕೆ ನಗಲಿಲ್ಲ ಎಂದು ಟ್ಯಾಕ್ಸಿಯಲ್ಲಿ ಮತ್ತೆ ಮತ್ತೆ ಹೇಳಿದಳು. ಕೂಡಲೇ ನನ್ನ ಅತ್ತಿಗೆಗೆ ಫೋನ್ ಮಾಡಿ ತಿಳಿಸಬೇಕು ಎಂದಳು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಅಳು ದುಃಖವಲ್ಲವಾದರೆ ನಗು? ನಾನು ಇಷ್ಟು ತಿಂಗಳು ಚಮಚ ಬೀಳಿಸಿ, ಟವೆಲ್ ಕಟ್ಟಿಕೊಂಡು ಕುಣಿದು ಗಿಟ್ಟಿಸಿಕೊಂಡದ್ದೆಲ್ಲ ಏನು? ಖುಷಿಯಾಗಿದ್ದಾರೆಂದು ನಾನು ಹಿಗ್ಗಿದ ದಿನಗಳಲ್ಲಿ ಇವರು ಒಳಗೊಳಗೇ ಏನು ಅನುಭವಿಸಿದರೋ. ಆಫೀಸಿಗೆ ಹೊರಟ ಮಗಳನ್ನು ನೋಡಿ, ಹೋಗಬೇಡ ಎನ್ನಬೇಕೆಂದಿದ್ದರೋ ಏನೋ. ಇದ್ದ ಒಂದೇ ಒಂದು ಊರುಗೋಲನ್ನೂ ಡಾಕ್ಟರು ಕಿತ್ತುಕೊಂಡಂತಾಯಿತು. ಮನೆಗೆ ಬಂದರೆ ಇವರು ನನ್ನನ್ನು ನೋಡಿ ನಕ್ಕರು. ನಾನು ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ಕೂತೆ.

ಮಾತ್ರೆ ಬರೆದುಕೊಟ್ಟಿದ್ದರು. ಸ್ಪೀಚ್ ಥೆರಪಿಸ್ಟನ್ನೂ ಗೊತ್ತುಮಾಡಿದರು. ಆಕೆ ಮನೆಗೆ ಬಂದು ಇವರ ಎಡಗೈಗೆ ಮಾತು ಕಲಿಸಿದಳು. ಹೌದಾದರೆ ಹಿಡಿದ ಕೈಯನ್ನು ಅದುಮಬೇಕು, ಅಲ್ಲವಾದರೆ ಬಿಡಬೇಕು. ಮೊದಮೊದಲು ಎಲ್ಲ ಅದಲುಬದಲು. ಚಾ ಬೇಕಾ ಅಂದರೆ ಅದುಮುವುದು, ತಂದರೆ ಮುಖ ತಿರುಗಿಸುವುದು. ಚಳಿಗಾಲ ಬರುವ ಹೊತ್ತಿಗೆ ಹೆಚ್ಚುಕಡಿಮೆ ಸರಿಯಾಯಿತು.

ಒಂದು ದಿನ ಧೈರ್ಯ ಮಾಡಿ ಕೇಳಿದೆ.

"ಅಮ್ಮ ಹೋದದ್ದು ನಿಮಗೆ ಗೊತ್ತುಂಟಾ?"

ಅದುಮಿದರು.

"ಅವತ್ತು ನಿಮಗೆ ನಗು ಬಂದದ್ದಾ?"

ಕೈ ಬಿಟ್ಟರು. ನಾನೇ ಮತ್ತೆ ಹಿಡಿದುಕೊಂಡೆ.

"ದುಃಖ ಆಗಿತ್ತಾ?"

ನನ್ನ ಉಂಗುರ ಬೆರಳಿಗೆ ಒತ್ತಿ ನೋಯುವಷ್ಟು ಅದುಮಿದರು. ಮುಖದಲ್ಲಿ ಏನೂ ಇರಲಿಲ್ಲ. ಕಣ್ಣು ಒಣಗಿತ್ತು. ಅಮ್ಮನನ್ನು ಕಳೆದುಕೊಂಡು ತಿಂಗಳಾದ ಮೇಲೆ ಈ ಮನುಷ್ಯನಿಗೆ ಅದನ್ನು ಹೇಳಿಕೊಳ್ಳಲು ಸಾಧ್ಯವಾಗಿತ್ತು.

ಆಮೇಲೆ ಸಿನಿಮಾ ಬೇಕಾ ಎಂದು ಕೇಳಿದೆ. ಅದಕ್ಕೂ ಅದುಮಿದರು. ಬೆಡ್‌ಶೀಟ್ ತೆಗೆದೆ. ಮೇಘಾ ಅದೇ ಸಿನಿಮಾ ಹಾಕಿದಳು. ಇವರು ಅತ್ತರು. ನಾನು ಆರಿಸಲಾ ಎಂದೆ, ಕೈ ಬಿಟ್ಟರು. ಟಿವಿಯಲ್ಲಿ ನೆಂಟರೆಲ್ಲ ಬಿದ್ದು ಬಿದ್ದು ನಗುತ್ತಿದ್ದಾರೆ, ಮಂಚದಲ್ಲಿ ಇವರು ಬಿಕ್ಕುತ್ತಿದ್ದಾರೆ, ನಾನು ಸೆರಗಿನಲ್ಲಿ ಇವರ ಮೂಗು ಒರೆಸುತ್ತಿದ್ದೇನೆ. ಮೇಘಾ ನಡುವೆಯೇ ಎದ್ದಳು.

"ಸಾರಿ ಅಮ್ಮ, ನಂಗೆ ಇದು ನೋಡ್ಲಿಕ್ಕೆ ಆಗೋದಿಲ್ಲ," ಎಂದು ಬಾಲ್ಕನಿಗೆ ಹೋಗಿ ನಿಂತಳು.

ಮುಗಿದ ಮೇಲೆ ಖುಷಿ ಆಯ್ತಾ ಎಂದು ಕೇಳಿದೆ. ಇವರ ಕೈ ನನ್ನ ಕೈಯಲ್ಲಿ ಸುಮ್ಮನೆ ಇತ್ತು. ಅದುಮಲಿಲ್ಲ, ಬಿಡಲೂ ಇಲ್ಲ.

ಮಾತ್ರೆಯಿಂದ ಅಳುವೂ ನಗುವೂ ಸ್ವಲ್ಪ ಕಡಿಮೆಯಾಗಿವೆ. ಬಲಗೈ ಹಾಗೆಯೇ ಇದೆ. ಫಿಸಿಯೋಥೆರಪಿಸ್ಟ್ ಮೊದಲಿನಂತೆ, ನಡೆಸಿಯೇ ಬಿಡುತ್ತೇನೆ ಎನ್ನುವುದಿಲ್ಲ, ಬಂದು ಕೆಲಸ ಮಾಡಿ ಹೋಗುತ್ತಾನೆ. ಇವರು ಆ ಭಾನುವಾರವೇ ಹೋಗಿಬಿಟ್ಟಿದ್ದರೆ ಎಂದು ನಾನು ಯೋಚಿಸಿದ್ದೇನೆ. ಒಂದು ಸಲವಲ್ಲ. ಇಂಥ ಕಾಯಿಲೆಯ ಮನೆಯಲ್ಲಿ ಇರುವ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮಗೂ ಹಾಗೆ ಅನ್ನಿಸಿದ್ದರೆ, ನೀವು ಒಬ್ಬರೇ ಅಲ್ಲ ಎಂದು ತಿಳಿಯಲಿ, ಅದಕ್ಕೇ ಬರೆದೆ. ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಕಳೆದ ವಾರ ಒಂದು ಮಧ್ಯಾಹ್ನ ನನಗೆ ಇನ್ನು ಸಾಧ್ಯವೇ ಇಲ್ಲ ಅನ್ನಿಸಿಬಿಟ್ಟಿತು. ವಿಶೇಷ ಏನೂ ಆಗಿರಲಿಲ್ಲ. ಆಗಷ್ಟೇ ಬದಲಿಸಿದ ಶೀಟು ಒದ್ದೆಯಾಗಿತ್ತು, ಅಷ್ಟೇ. ಮತ್ತೆ ಬದಲಿಸಿದೆ. ಆಮೇಲೆ ಇವರನ್ನು ಕೇಳದೆಯೇ ನನ್ನ ಸಿನಿಮಾ ಹಾಕಿದೆ. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆಯುವ ಕಥೆ. ಮಂಚದ ಪಕ್ಕ ನೆಲದ ಮೇಲೆ ಕೂತು ನೋಡಿದೆ. ಗಂಡನ ಶವವನ್ನು ಅಂಗಳಕ್ಕೆ ತರುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಮಂಚದ ಕಂಬಿಗೆ ಹಣೆ ಒತ್ತಿಕೊಂಡು ಅತ್ತೆ. ಎದೆ ಹಗುರಾಗಲಿಲ್ಲ. ಅಳು ಸುಮ್ಮನೆ ಬರುತ್ತಲೇ ಇತ್ತು.

ತಲೆಯ ಮೇಲಿನಿಂದ ನಗು ಕೇಳಿಸಿತು.

ಜೋರಾದ ನಗು. ಡಾಕ್ಟರು ಹೇಳಿದ್ದೆಲ್ಲ ಗೊತ್ತಿದ್ದರೂ ಮೈ ಉರಿದುಹೋಯಿತು. ಎದ್ದು ಬಾಗಿಲು ತೆರೆದು ಎಲ್ಲಿಗಾದರೂ ನಡೆದುಬಿಡೋಣ ಅನ್ನಿಸಿತು. ಏಳಲು ಹೋದಾಗ ತಲೆಗೆ ಏನೋ ತಾಗಿತು. ಇವರ ಎಡಗೈ. ಕಂಬಿಯ ಸಂದಿಯಿಂದ ಹೊರಬಂದು, ನನ್ನ ಮುಖ ಎಲ್ಲಿದೆಯೆಂದು ತಿಳಿಯದೆ ಹುಡುಕುತ್ತ, ಕಿವಿಗೆ ತಾಗಿ, ಕೆನ್ನೆಗೆ ಬಂತು. ಕೆನ್ನೆ ಒರೆಸಿತು. ಒರಟಾಗಿ, ಒಂದೇ ಕಡೆ, ಮತ್ತೆ ಮತ್ತೆ. ಮೇಲೆ ನಗು ನಿಂತಿರಲಿಲ್ಲ. ನಾನು ತಲೆಯೆತ್ತಿ ಮುಖ ನೋಡಲಿಲ್ಲ.

ಬಾಗಿಲ ಬೀಗದ ಸದ್ದಾಯಿತು. ಮೇಘಾ ಆಫೀಸಿನಿಂದ ಬೇಗ ಬಂದಿದ್ದಳು. ಬ್ಯಾಗ್ ಹೆಗಲಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ನಿಂತಳು.

"ಏನಾಯ್ತಮ್ಮ? ಪಪ್ಪ ಯಾಕೆ ಇಷ್ಟು ನಗ್ತಿದ್ದಾರೆ?"

"ನಗ್ತಾ ಇಲ್ಲ ಮಗಾ," ಎಂದೆ. "ನನಗೆ ಸಮಾಧಾನ ಮಾಡ್ತಾ ಇದ್ದಾರೆ."

ಅವಳು ಚಪ್ಪಲಿ ಕಳಚಿ ಒಳಗೆ ಬಂದಳು. ಸಿನಿಮಾ ಇನ್ನೂ ಅರ್ಧ ಉಳಿದಿತ್ತು. ಈ ಸಲ ಬಾಲ್ಕನಿಗೆ ಹೋಗದೆ ಮಂಚದ ಆಚೆ ಬದಿಯಲ್ಲಿ ಕೂತಳು.