ಥರ್ಮಾಕೋಲಿಗೆ ಚಾಕು

ಕಳೆದ ಭಾನುವಾರ ಖಾನಾಪುರದಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಮೊಮ್ಮಗಳ ಪುಟ್ಟ ಕೈ ಹಿಡಿದುಕೊಂಡು ಥರ್ಮಾಕೋಲಿಗೆ ಚಾಕು ಹಾಕಿದರು. ಚಾಕು ಕಿರ್ರೆಂದಿತು. ಬಂಧುಬಳಗವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಆ ಥರ್ಮಾಕೋಲನ್ನು ಅಲ್ಲಿಗೆ ಒಯ್ದಿಟ್ಟವನು ನಾನು. ಮೊದಲಿನಿಂದ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ಏನೇನೋ ಅಂದುಕೊಳ್ಳುತ್ತೀರಿ.

ನನ್ನ ಹೆಂಡತಿ ತ್ರಿಶಲಾ ಶಿವಬಸವ ನಗರದ ನಮ್ಮ ಅಡುಗೆಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ಮೊಟ್ಟೆಯಿಲ್ಲದ ಕೇಕ್ (ನಮ್ಮದು ಜೈನರ ಮನೆ, ಮೊಟ್ಟೆಯ ಮಾತೇ ಇಲ್ಲ). ಅದರ ಮೇಲೆ ಸಕ್ಕರೆಯ ಗುಲಾಬಿ, ಎಲೆ, ಬಳ್ಳಿ. ಒಂದು ಗುಲಾಬಿಗೆ ಅರ್ಧ ಗಂಟೆ ಬೇಕು. ವರ್ಷಗಟ್ಟಲೆ ಓಣಿಯ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿ ಬೇಸತ್ತು ಓವನ್ ಕೊಂಡವಳು ಅವಳು. ಕೊಂಡ ದಿನವೇ ಹೇಳಿದ್ದಳು: “ದೀಪಾವಳಿ ತನಕ ನೋಡತೇನ್ರಿ. ಆರ್ಡರ್ ಬರಲಿಲ್ಲಂದ್ರ ಓವನ್ ಮಾರಿ ಮತ್ತ ಟ್ಯೂಷನ್ ಚಾಲೂ ಮಾಡತೇನಿ.”

ಪ್ರಚಾರಕ್ಕೆ ದುಡ್ಡಿರಲಿಲ್ಲ. ದುಡ್ಡಿಲ್ಲದ ಕಂಪನಿಯಲ್ಲಿ ಏನಿರುತ್ತದೆ? ಗಂಡ ಇರುತ್ತಾನೆ. ಹೀಗೆ ನಾನು ಮಾರ್ಕೆಟಿಂಗ್ ಮ್ಯಾನೇಜರ್ ಆದೆ.

ಮೊದಲು ಪಾಂಪ್ಲೆಟ್. ಪೇಪರಿನೊಳಗೆ ಹಾಕಿಸಿ ಮನೆಮನೆಗೆ ಹಂಚಿಸಿದೆ. ಎರಡು ದಿನ ಬಿಟ್ಟು ಮಿರ್ಚಿ ಭಜಿ ಕೊಂಡರೆ, ಅಂಗಡಿಯವನು ನನ್ನ ಪಾಂಪ್ಲೆಟಿನಲ್ಲೇ ಸುತ್ತಿ ಕೊಟ್ಟ. (ಕಾಗದ ಎಣ್ಣೆಯನ್ನು ಚೆನ್ನಾಗಿ ಹೀರುತ್ತಿತ್ತು, ಅದನ್ನು ಒಪ್ಪಲೇಬೇಕು.) ಆಮೇಲೆ ಸ್ಯಾಂಪಲ್. ನೆಹರು ನಗರದಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವವರಿಗೆ ಡಬ್ಬಿ ಹಿಡಿದು ಕೇಕಿನ ತುಂಡು ಹಂಚಿದೆ. ತೂಕ ಇಳಿಸಲು ಬಂದವರು ಮೂರು ಮೂರು ತಿಂದರು. ಒಬ್ಬರು ಕೈ ಒರೆಸಿಕೊಳ್ಳುತ್ತಾ, “ನಾಳಿನೂ ಇಲ್ಲೇ ಇರ್ತೀರೇನ್ರಿ?” ಎಂದರು. ಆರ್ಡರ್ ಮಾತ್ರ ಒಬ್ಬರೂ ಕೊಡಲಿಲ್ಲ.

ಇನ್ನು ವಾಟ್ಸಾಪ್ ಸ್ಟೇಟಸ್. ಮನೆಯಿಂದ ಹೊರಡುವ ಪ್ರತಿ ಕೇಕನ್ನೂ ಬಾಲ್ಕನಿಯ ಬೆಳಕಿಗೆ ತಂದು ಹತ್ತು ಕಡೆಯಿಂದ ಫೋಟೊ ತೆಗೆದೆ. ನೆಂಟರೆಲ್ಲ ತಪ್ಪದೆ ಹೆಬ್ಬೆರಳು ಎತ್ತಿದರು. ಹೆಬ್ಬೆರಳಿಗೇನು, ಪುಕ್ಕಟೆ!

ಆಗ ಹೊಳೆದದ್ದು ಡಮ್ಮಿ ಕೇಕು. ಅಂಗಡಿಯ ಗಾಜಿನೊಳಗೆ ಮೂರಂತಸ್ತಿನ ಕೇಕ್ ನೋಡಿರುತ್ತೀರಲ್ಲ? ಒಳಗೆ ಥರ್ಮಾಕೋಲು, ಹೊರಗೆ ಸಕ್ಕರೆ ಹಿಟ್ಟಿನ ಹೊದಿಕೆ. ಆಟೋ ನಗರದಲ್ಲಿ ವರ್ಕ್‌ಶಾಪ್ ಇಟ್ಟಿರುವ ಗೆಳೆಯನ ಹತ್ತಿರ ಮಷೀನ್ ಪಾರ್ಟು ಪ್ಯಾಕ್ ಆಗಿ ಬಂದ ಥರ್ಮಾಕೋಲ್ ಬಿದ್ದಿತ್ತು. ಹೊತ್ತು ತಂದೆ. ತ್ರಿಶಲಾ ಗುಂಡಗೆ ಕತ್ತರಿಸಿ, ನಾಲ್ಕು ದಿನ ಕೂತು ಗುಲಾಬಿ ಹಚ್ಚಿದಳು. ನಿಜವಾಗಿಯೂ ಅರಮನೆಯ ಹಾಗಿತ್ತು.

ಖಾನಾಪುರದಲ್ಲಿ ನನ್ನ ಸೋದರತ್ತೆಯ ಮಗ ಭರತೇಶನ ಮಗಳ ಮೊದಲ ಹುಟ್ಟುಹಬ್ಬ. ಕತ್ತರಿಸಲು ಎರಡು ಕೆ.ಜಿ.ಯ ನಿಜವಾದ ಕೇಕು, ಬಾಜೂಕೆ ಪ್ರದರ್ಶನಕ್ಕೆ ಡಮ್ಮಿ, ಅದರ ಪಕ್ಕ ನಮ್ಮ ನಂಬರಿನ ಕಾರ್ಡು. ಇದು ನನ್ನ ಪ್ಲಾನು. ಡಮ್ಮಿಯ ಒಳಗೇನಿದೆ ಎಂದು ಭರತೇಶನಿಗೆ ಹೇಳಿರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಡಮ್ಮಿಯನ್ನು ಕೂರಿಸಿ ಸೀಟ್‌ಬೆಲ್ಟ್ ಹಾಕಿದೆ. ನಿಜವಾದ ಕೇಕು ತ್ರಿಶಲಾಳ ಕಾಲಬಳಿ ಕೂತು ಬಂತು.

ಆ ಮನೆಯ ಹಿರಿಯರು ಹೊತ್ತು ಮುಳುಗಿದ ಮೇಲೆ ಏನನ್ನೂ ತಿನ್ನುವುದಿಲ್ಲ. (ನನ್ನ ತಾಯಿಯೂ ಹಾಗೇ ಇದ್ದವರು. ಆ ನೇಮದ ಬಗ್ಗೆ ನನಗೆ ಗೌರವವಿದೆ.) ಊಟ ಐದಕ್ಕೇ ಶುರುವಾಯಿತು. ತ್ರಿಶಲಾ ಹೇಳಿದಳು: “ಬೆಳಕ ಇರೂತನಾ ಕೇಕ್ ಕತ್ತರಸ್ರಿ, ಎಲ್ಲಾರೂ ತಿಂತಾರ.”

ಭರತೇಶ ಅತ್ತಿಗೆಯ ಮಾತು ಒಪ್ಪಲಿಲ್ಲ. “ಬೆಳಕಿನ್ಯಾಗ ಲೈಟಿಂಗ್ ಕಾಣಂಗಿಲ್ಲ ವೈನಿ. ಏಳೂವರಿಗೆ ಇಟ್ಕೊಳೂಣು.”

ತಿನ್ನುವವರೆಲ್ಲ ಬಾಯಿ ಮುಕ್ಕಳಿಸಿ ಕೂತ ಮೇಲೆ ಕತ್ತರಿಸುವ ಕೇಕು ಯಾರಿಗಾಗಿ? ಕ್ಯಾಮೆರಾಕ್ಕಾಗಿ!

ಏಳೂವರೆಗೆ ಫೋಟೊಗ್ರಾಫರ್ ವೇದಿಕೆ ಹತ್ತಿದ. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಅವನದೇ ಕಾರುಬಾರು. “ಹೇ ಲಹಾನ ಕೇಕ್, ಈ ಸಣ್ಣ ಡಬ್ಬಿ, ಹಿಂದ ಇಡ್ರಿ, ಫ್ರೇಮಿನ್ಯಾಗ ಕಾಣಂಗಿಲ್ಲ. ಆ ದೊಡ್ಡದು ನಡುವ ತರ್ರಿ.” ಡಮ್ಮಿ ನಡುವೆ ಬಂತು. ತ್ರಿಶಲಾ ಆಗ ಹೆಂಗಸರ ಗುಂಪಿನಲ್ಲಿ ಸಿಕ್ಕಿಕೊಂಡಿದ್ದಳು. ನಾನು ಎದುರಿಗೇ ಇದ್ದೆ, ವಿಡಿಯೊ ಮಾಡುತ್ತಾ. ತಡೆಯಬಹುದಿತ್ತು. ಆದರೆ ಡಮ್ಮಿ ನಡುವೆ ಬಂದರೆ ಪ್ರಚಾರಕ್ಕೆ ಒಳ್ಳೆಯದಲ್ಲವೆ? ಸುಮ್ಮನಿದ್ದೆ.

ಭರತೇಶನ ತಂದೆ ಚಾಕು ಒತ್ತಿದರು. ಇಳಿಯಲಿಲ್ಲ. “ಇನ್ನ ಸ್ವಲ್ಪ ಜೋರ್ಲೆ ಒತ್ರಿ ಕಾಕಾ!” ಎಂದ ಫೋಟೊಗ್ರಾಫರ್. ಕಿರ್ರ್. ಚಪ್ಪಾಳೆ. ಅಷ್ಟರಲ್ಲಿ ಭರತೇಶ ಒಂದು ಬಿಳಿ ಚೂರು ಕಿತ್ತು ಮಗಳ ಬಾಯಿಗೆ ಒಯ್ದ.

“ಬಾಯಾಗ ಹಾಕಬ್ಯಾಡ್ರಿ! ಅದು ಥರ್ಮಾಕೋಲ್ ಐತಿ!” ತ್ರಿಶಲಾ ಕಿರುಚಿದಳು.

ನನ್ನ ಮಾನ ಹೋಯಿತು ಎಂದುಕೊಂಡೆ. ಭರತೇಶ ಚೂರನ್ನೂ ಮಗಳನ್ನೂ ಒಮ್ಮೆ ನೋಡಿದ. ಆಮೇಲೆ ಫೋಟೊಗ್ರಾಫರ್ ಕಡೆ ತಿರುಗಿ, “ಬಾಯಿ ತನಕಾ ಒಯ್ದು ನಿಲ್ಲಸ್ತೇನಿ, ತಕ್ಕೋರಿ” ಎಂದ. ತೆಗೆದ. ಬಹಳ ಚಂದ ಬಂದಿದೆಯಂತೆ. ಆಮೇಲೆ ಅಜ್ಜ, ಅಜ್ಜಿ, ಸೋದರಮಾವಂದಿರು ಸಾಲಾಗಿ ಬಂದು ಅದೇ ಚೂರನ್ನು ಮಗುವಿನ ತುಟಿಯವರೆಗೆ ಒಯ್ದು ನಿಲ್ಲಿಸಿ ನಕ್ಕರು.

ನಿಜವಾದ ಕೇಕು ಮರುದಿನ ಬೆಳಿಗ್ಗೆ ಖಾನಾಪುರದ ಪರಿಚಯದವರೊಬ್ಬರ ಕೈಯಲ್ಲಿ ನಮ್ಮ ಮನೆಗೆ ವಾಪಸು ಬಂತು. ಡಬ್ಬಿಗೆ ಕಟ್ಟಿದ ರಿಬ್ಬನ್ನು ಹಾಗೇ ಇತ್ತು. ತ್ರಿಶಲಾ ಅದನ್ನು ಓಣಿಯಲ್ಲಿ ಹಂಚಿ ಬಂದಳು.

ಡಮ್ಮಿಯನ್ನು ನಾವು ಭಾನುವಾರ ರಾತ್ರಿಯೇ ವಾಪಸು ತಂದಿದ್ದೆವು; ಚಾಕು ಬಿದ್ದ ಕಡೆ ಎರಡು ಗುಲಾಬಿ ಹಚ್ಚಿದರೆ ಮತ್ತೆ ಹೊಸದು. ಸೋಮವಾರದಿಂದ ನಮ್ಮ ಫೋನಿಗೆ ಬಿಡುವಿಲ್ಲ. ಫೋಟೊ ಎಲ್ಲ ಕಡೆ ಓಡಾಡಿತ್ತು. “ಆ ದೊಡ್ಡ ಕೇಕ್ ಬಾಡಿಗಿಗೆ ಕೊಡ್ತೀರೇನ್ರಿ?” ಎಂದೊಬ್ಬರು. ತಿನ್ನುವ ಕೇಕು ಬೇಡವೇ ಎಂದು ಕೇಳಿದೆ. “ಖರೇ ಕೇಕ್ ಯಾಕ್ರಿ? ಉಳೀತೈತಿ, ಮತ್ತ ಫ್ರಿಜ್ಜಿನ್ಯಾಗ ಜಾಗಾ ಇಲ್ಲ.” ಒಂದು ನಿವೃತ್ತಿ ಸಮಾರಂಭ, ಎರಡು ಬೆಳ್ಳಿ ಹಬ್ಬ, ಒಂದು ಎಂಗೇಜ್‌ಮೆಂಟ್. ನಾಲ್ಕೇ ದಿನದಲ್ಲಿ ಥರ್ಮಾಕೋಲು ಊರಿನ ಗಣ್ಯ ವ್ಯಕ್ತಿಯಾಯಿತು. ಎಲ್ಲ ಕಾರ್ಯಕ್ರಮಕ್ಕೂ ಹೋಗುತ್ತದೆ, ಏನೂ ಕೊಡುವುದಿಲ್ಲ, ಫೋಟೊದಲ್ಲಿ ನಡುವೆಯೇ ನಿಲ್ಲುತ್ತದೆ.

ನನಗೋ ಗೆದ್ದ ಖುಷಿ. ನಿನ್ನೆ ಬೆಳಿಗ್ಗೆ ತ್ರಿಶಲಾ ಹೇಳಿದಳು: “ಓವನ್ ಮಾರಿಬಿಡೂಣ್ರಿ.”

“ಹುಚ್ಚೇನ? ಧಂದೆ ಈಗರೆ ಚಾಲೂ ಆಗೇತಿ!”

“ಥರ್ಮಾಕೋಲಿಗೆ ಓವನ್ ಯಾಕ ಬೇಕ್ರಿ?”

ಅವಳು ಒಳಗೆ ಹೋಗಿ ಒಂದು ಸಣ್ಣ ಕೇಕ್ ತಂದಿಟ್ಟಳು. ಯಾರ ಆರ್ಡರೂ ಇಲ್ಲದೆ ಮಾಡಿದ್ದು, ಮೇಲೆ ಒಂದೇ ಗುಲಾಬಿ. ಒಂದು ತುಂಡು ಕತ್ತರಿಸಿ ನನ್ನ ಮುಂದಿಟ್ಟಳು.

“ನೀವು ನನ್ನ ಕೇಕಿನ ಫೋಟೊ ಎಷ್ಟ್ ತಗದೀರಿ ಲೆಕ್ಕ ಇಲ್ಲ. ತಿಂದು ಹೆಂಗ ಆಗೇತಿ ಅಂತ ಒಂದರೆ ಸಲ ಹೇಳೀರೇನು? ಇವತ್ತರೆ ಹೇಳ್ರಿ. ಆಮ್ಯಾಲೆ ಓವನ್ ಇಡೂದೋ ಮಾರೂದೋ ನೋಡೂಣು.”

ಬಾಲ್ಕನಿಯ ಬೆಳಕು ನೇರವಾಗಿ ಗುಲಾಬಿಯ ಮೇಲೆ ಬಿದ್ದಿತ್ತು. ಅದಕ್ಕೇ ನಾನು ಮೊದಲು ಒಂದು ಫೋಟೊ ತೆಗೆದುಕೊಂಡೆ.