‘ಉಲಿಸು’ ಎಂಬ ತಪ್ಪು

ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ಆಕೆ. ನಿವೃತ್ತಳಾದ ಮೇಲೆ ಮನೆಯ ಹಳೆಯ ಕಂಪ್ಯೂಟರ್ ತೀರಾ ಆಮೆನಡಿಗೆ ಹಿಡಿದಾಗ, ತಮ್ಮನ ಮಗಳು ಬಂದು ಅದಕ್ಕೆ ಕನ್ನಡದಲ್ಲೇ ನಡೆಯುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟಳು.

“ಇದು ಯಾವ ಕಂಪನೀದು?”

“ಒಂದು ಕಂಪನೀದಲ್ಲ ಅತ್ತೆ. ಸಾವಿರಾರು ಜನ ಸೇರಿ ಮಾಡಿದ್ದು. ಯಾರು ಬೇಕಾದ್ರೂ ತಿದ್ದಬಹುದು.”

ಅತ್ತೆಗೆ ಅಷ್ಟೇನೂ ನಂಬಿಕೆ ಬರಲಿಲ್ಲ. ಪ್ರಿಂಟರ್ ಎರಡು ದಿನ ಮೊಂಡು ಹಿಡಿದು, ಸೋದರಸೊಸೆ ಫೋನಿನಲ್ಲಿ ಹೇಳಿಕೊಟ್ಟ ಮೇಲೆ ದಾರಿಗೆ ಬಂತು. ಪತ್ರ ಬರೆಯುವುದು, ಫೋಟೊ ನೋಡುವುದು ಮೊದಲಿನಂತೆಯೇ ಸಲೀಸಾಗಿ ನಡೆಯಿತು. ಆದರೆ ಒಂದು ಮಧ್ಯಾಹ್ನ, ಪರದೆಯ ಮೇಲೆ ‘ಉಳಿಸು’ ಎಂದಿರಬೇಕಾದ ಕಡೆ ‘ಉಲಿಸು’ ಎಂದಿರುವುದು ಕಂಡು ಕಣ್ಣಿಗೆ ಕಸ ಬಿದ್ದಂತಾಯಿತು. ತಕ್ಷಣ ಫೋನ್ ಮಾಡಿದಳು.

“ತಪ್ಪು ಸಿಕ್ಕಿದೆ. ಯಾರಿಗೆ ಹೇಳಿ ತಿದ್ದಿಸ್ಲಿ?”

“ಯಾರಿಗೂ ಬೇಡ, ನೀವೇ ತಿದ್ದಿ,” ಎಂದು ಸೊಸೆ ಅಂತರ್ಜಾಲದಲ್ಲಿರುವ ಅನುವಾದಕರ ಪುಟದ ದಾರಿ ಹೇಳಿಕೊಟ್ಟಳು.

ಅತ್ತೆ ಒಂದೇ ಅಕ್ಷರ ತಿದ್ದಿ ಕಳಿಸಿದಳು. ಮರುದಿನ ಮುಖ ಕಾಣದ ಯಾರೋ ‘ಧನ್ಯವಾದ, ಸೇರಿಸಿಕೊಂಡೆವು’ ಎಂದು ಉತ್ತರಿಸಿದ್ದರು. ತಿಂಗಳಾದ ಮೇಲೆ ಹೊಸ ಆವೃತ್ತಿ ಬಂದಾಗ ಪರದೆಯ ಮೇಲೆ ಸರಿಯಾದ ‘ಳ’ ಕುಳಿತಿತ್ತು. ಇನ್ನು ಯಾರ್ಯಾರ ಮನೆಯಲ್ಲಿ ಹೀಗೆಯೇ ಕುಳಿತಿರಬಹುದೆಂದು ಅವಳು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಕನ್ನಡಕ ಒರೆಸಿಕೊಂಡು, ಉಳಿದ ಪದಗಳನ್ನು ಒಂದೊಂದಾಗಿ ಓದತೊಡಗಿದಳು.